ಕೆಂಪು ಪಿನ್ನು

ಗಜೇಂದ್ರಗಡದಲ್ಲಿ ಹಾಡು ರೆಕಾರ್ಡ್ ಮಾಡಿಸಬೇಕೆಂದರೆ ಅಮಾವಾಸ್ಯೆಯ ತನಕ ಕಾಯಬೇಕಿತ್ತು. ಇದೇನು ಶಾಸ್ತ್ರದ ಮಾತಲ್ಲ. ಅಲ್ತಾಫನ ಸ್ಟುಡಿಯೋ ಇದ್ದದ್ದು ನೇಕಾರರ ಓಣಿಯಲ್ಲಿ. ಎಡಗಡೆ ನಾಲ್ಕು ಮಗ್ಗ, ಬಲಗಡೆ ಆರು. ಬೆಳಗಾದರೆ ಹತ್ತೂ ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು. ಗೋಡೆಗೆ ಎಷ್ಟು ಗೋಣಿಚೀಲ, ಎಷ್ಟು ಹಳೆಯ ಗಾದಿ ಹೊಡೆದರೂ ಮೈಕಿನೊಳಗೆ ಅದೇ ಸದ್ದು ನುಗ್ಗುತ್ತಿತ್ತು. ನೇಕಾರರು ಮಗ್ಗ ನಿಲ್ಲಿಸುವುದು ಅಮಾವಾಸ್ಯೆಗೆ ಮಾತ್ರ. ಹಾಗಾಗಿ ಭಜನೆಯವರು, ಗೀಗೀ ಪದದವರು, ಲಗ್ನದ ಹಾಡಿನವರು ಎಲ್ಲರೂ ಅಲ್ತಾಫನ ಪಾಲಿಗೆ ಅಮಾವಾಸ್ಯೆಯ ಗಿರಾಕಿಗಳಾಗಿದ್ದರು.

ಎರಡು ಸಾವಿರದ ಆರರಲ್ಲಿ, ದೀಪಾವಳಿಯ ಮರುತಿಂಗಳ ಛಟ್ಟಿ ಅಮಾವಾಸ್ಯೆಗೆ ಸವಡಿಯಿಂದ ರಿವಾಯತ ಮೇಳ ಬಂತು. ಮೊಹರಮ್ಮಿನ ದಿನಗಳಲ್ಲಿ ಅಲಾಯಿ ಕುಣಿಯ, ಅಂದರೆ ಹಬ್ಬಕ್ಕೆಂದು ತೋಡಿದ ಬೆಂಕಿಯ ಕುಳಿಯ, ಸುತ್ತ ನಿಂತು ಕರ್ಬಲಾದ ದುಃಖವನ್ನು ಕನ್ನಡದಲ್ಲಿ ಹಾಡುವ ಮೇಳ. ಮುಂದೆ ಹಾಡುವವ ನಬೀಸಾಬ, ಊರೂರು ತಿರುಗಿ ಅರಳೆ ಹಿಂಜಿ ಗಾದಿ ಹೊಲಿಯುವವ. ಅವನಿಗೆ ದನಿ ಕೂಡಿಸುವವ ಹೂವಪ್ಪ, ಮಂದಿಯ ಹೊಲದಲ್ಲಿ ಕೂಲಿ ಮಾಡುವವ. ಇಬ್ಬರಿಗೂ ಐವತ್ತು ದಾಟಿತ್ತು. ಮೂವತ್ತು ವರ್ಷಗಳಿಂದ ಇಬ್ಬರೂ ಒಂದೇ ಕುಣಿಯ ಆಚೆ ಈಚೆ ನಿಂತು ಹಾಡಿದವರು. ನಬೀಸಾಬ ಸ್ಟುಡಿಯೋದೊಳಗೆ ಕಾಲಿಟ್ಟವನೇ ಗೋಡೆಯ ಗಾದಿಯನ್ನು ಹಿಸುಕಿ ನೋಡಿ, ಈ ಅರಳೆ ಹಿಂಜಿದವನ ಕೈ ಕತ್ತರಿಸಬೇಕು ಎಂದ. ಹೂವಪ್ಪ ನಕ್ಕ. ನಗುವಾಗ ಅವನ ಗಂಟಲಿನಿಂದ ಒಣಗಿದ ಜೋಳದ ದಂಟು ಮುರಿದಂಥ ಸದ್ದು ಬಂತು.

ಆ ಮೇಳಕ್ಕೆ ಒಂದು ರೂಢಿಯಿತ್ತು. ನಬೀಸಾಬ ಸಾಲು ಎತ್ತಿಕೊಂಡು ಕೊನೆಯ ಪದದ ತನಕ ತಂದು ನಿಲ್ಲಿಸುತ್ತಿದ್ದ. ಕೊನೆಯ ಪದ ಹೂವಪ್ಪನದು. 'ನೀರ ತರತೇನಂತ ಹೋದಾಂವ' ಎಂದು ಇವನು ಬಿಟ್ಟರೆ, ಕುಣಿಯ ಆಚೆಯಿಂದ ಅವನು 'ಬರಲಿಲ್ಲೋ' ಎಂದು ಎಳೆಯುತ್ತಿದ್ದ. ದಪ್ಪಿನ ಚರ್ಮದ ಮೇಲೆ ಎಂಟು ಪೆಟ್ಟು ಬೀಳುವ ತನಕ ಆ ಎಳೆತ ಮುರಿಯುತ್ತಿರಲಿಲ್ಲ. ಆ ಪದವನ್ನು ಮೇಳದ ಬೇರೆ ಯಾರೂ ಹೇಳುವ ಹಾಗಿರಲಿಲ್ಲ. ಹೇಳುವ ಧೈರ್ಯವೂ ಯಾರಿಗೂ ಇರಲಿಲ್ಲವೆನ್ನಿ. ಸವಡಿಯ ಹೆಂಗಸರು ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದುದೇ ಆ ಎಳೆತಕ್ಕೆ.

ಈಗ ಆ ಗಂಟಲಿಗೆ ಕೆಟ್ಟ ಹುಣ್ಣು ಹಿಡಿದಿತ್ತು. ಜೀವ ಉಳಿಯಬೇಕಾದರೆ ದನಿಪೆಟ್ಟಿಗೆಯನ್ನೇ ಕತ್ತರಿಸಿ ತೆಗೆಯಬೇಕು, ಆಮೇಲೆ ಮಾತಿಲ್ಲ, ಹಾಡಿಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿ ತಾರೀಕನ್ನೂ ಕೊಟ್ಟಿದ್ದರು. ಇನ್ನು ಹದಿನೆಂಟು ದಿನ ಉಳಿದಿದ್ದವು. ಅಷ್ಟರೊಳಗೆ ಹೂವಪ್ಪನ ದನಿಯನ್ನು ಸೀಡಿಯಲ್ಲಿ ಹಿಡಿದಿಡಬೇಕು, ಬರುವ ಮೊಹರಮ್ಮಿನ ಕೊನೆಯ ದಿನ ಅದು ಕುಣಿಯ ಮುಂದೆ ಕೇಳಿಸಬೇಕು, ಹೂವಪ್ಪ ಅಲ್ಲಿಯೇ ಕೂತು ಕೇಳಬೇಕು. ಈ ವಿಚಾರ ನಬೀಸಾಬನದು. ಓದು ಬರಹ ಬಾರದ ಮನುಷ್ಯ, ಅಕ್ಷರವೆಂದರೆ ಹೆಬ್ಬೆಟ್ಟು. ಆದರೂ ಗೆಳೆಯನಿಗಾಗಿ ಇಷ್ಟು ಯೋಚಿಸಿದ್ದ.

ಹೂವಪ್ಪನನ್ನು ಬೇರೆ ಮೈಕಿನ ಮುಂದೆ ಕೂರಿಸಿ, ಇಬ್ಬರ ನಡುವೆ ಎರಡು ಗಾದಿಯನ್ನು ನೆಟ್ಟಗೆ ನಿಲ್ಲಿಸಿ, ಅಲ್ತಾಫ ರೆಕಾರ್ಡಿಂಗ್ ಶುರು ಮಾಡಿದ. ಮೊದಲ ಸಲ 'ಬರಲಿಲ್ಲೋ' ಎರಡನೇ ಪೆಟ್ಟಿಗೇ ಮುರಿಯಿತು. ಎರಡನೇ ಸಲವೂ ಹಾಗೆಯೇ. ಆರನೇ ಸಲಕ್ಕೆ ಹೂವಪ್ಪ ಬಾಯಿಗೆ ಟವೆಲು ಹಿಡಿದ, ತೆಗೆದಾಗ ಅದರಲ್ಲಿ ರಕ್ತದ ಕಲೆ ಇತ್ತು. ನಬೀಸಾಬ ಗಾದಿ ದೂಡಿಕೊಂಡು ಬಂದು, ಸಾಕು ಬಿಡು, ಇದ್ದಷ್ಟರಲ್ಲೇ ಈ ಹುಡುಗ ಏನಾದರೂ ಮಾಡುತ್ತಾನೆ ಎಂದು ಅವನ ಬೆನ್ನು ಸವರಿದ. ಆಗ ಹೂವಪ್ಪ ಅವನ ಮುಂಗೈ ಹಿಡಿದುಕೊಂಡ.

"ನನ್ನ ದನಿ ಚಲೋ ಇಲ್ಲಂತ ಆಮ್ಯಾಲ ತಗದ ಬಿಟ್ಟೀರಿ. ಹಂಗ ಮಾಡಬ್ಯಾಡ ನಬ್ಯಾ. ಹ್ಯಾಂಗ ಐತೋ ಹಂಗ ಇರಲಿ."

"ಅಲಾಯಿ ದೇವರ ಆಣಿ ಹೂವ್ಯಾ," ಎಂದ ನಬೀಸಾಬ. "ನಿನ್ನ ದನಿ ಇಲ್ಲದ ಈ ಪದಾ ಕುಣಿ ಮುಂದ ಕೇಳಸೂದಿಲ್ಲ."

ಅಲ್ತಾಫ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ನಾಲ್ಕು ಮಾತು ಬೈದು ಈ ಕಥೆಯನ್ನು ಇಲ್ಲಿಗೇ ಮುಗಿಸಬಹುದಿತ್ತು. ಅವನಿಗೆ ಕಣ್ಣಲ್ಲಿ ನೀರು ಬಂದದ್ದು ನಿಜ. ಜೊತೆಗೆ ಕೈಯೂ ತುರಿಸಿತು, ಅದೂ ನಿಜ. ಹುಬ್ಬಳ್ಳಿಯ ಗೆಳೆಯನೊಬ್ಬ ಹಿಂದಿನ ತಿಂಗಳು ಒಂದು ಸೀಡಿ ತುಂಬ ಪ್ಲಗ್-ಇನ್‌ಗಳನ್ನು ಬರೆದುಕೊಟ್ಟಿದ್ದ. ಹಾಡು ಹಿಡಿಯುವ ಸಾಫ್ಟ್‌ವೇರಿನೊಳಗೆ ಕೂರಿಸಿಕೊಳ್ಳುವ ಸಣ್ಣ ಸಣ್ಣ ಸಲಕರಣೆಗಳು. ಅದರಲ್ಲಿ ಒಂದು ಸ್ಟೀರಿಯೋ ಡಿಲೇ. ಒಂದು ದನಿಯನ್ನು ಕೊಟ್ಟರೆ ಅದನ್ನು ಚಣ ಹೊತ್ತು ಹಿಡಿದಿಟ್ಟು ಮತ್ತೆ ಬಿಡುತ್ತದೆ, ಮೊದಲು ಒಂದು ಕಿವಿಗೆ, ಆಮೇಲೆ ಇನ್ನೊಂದು ಕಿವಿಗೆ, ಪ್ರತಿ ಸಲವೂ ತುಸು ಕ್ಷೀಣವಾಗಿ. ಅಲ್ತಾಫ ಅದನ್ನು ಯಾವುದಾದರೂ ಹಾಡಿಗೆ ಹಾಕಿ ನೋಡಬೇಕೆಂದು ಒಂದು ತಿಂಗಳಿಂದ ಹಪಹಪಿಸುತ್ತಿದ್ದ. ಹೂವಪ್ಪನ ಮುರಿದ ಎಳೆತ ಸಿಕ್ಕಿತು.

ಅವನು ಮೂರು ದಿನ ಕೂತ. ಮಗ್ಗಗಳು ಅತ್ತಿತ್ತ ಬಡಿಯುತ್ತಿದ್ದರೂ ಕಿವಿಗೆ ಹೆಡ್‌ಫೋನ್ ಬಿಗಿದುಕೊಂಡರೆ ಅವನಿಗೆ ಅದರ ಪರಿವೆ ಇರಲಿಲ್ಲ. ಕುಣಿಯ ಆಚೆ ಈಚೆ ನಿಂತ ಹಾಗೆಯೇ ಇರಲಿ ಎಂದು ನಬೀಸಾಬನ ದನಿಯನ್ನು ಪೂರ್ತಿ ಎಡಕ್ಕೆ ತಳ್ಳಿದ, ಹೂವಪ್ಪನದನ್ನು ಪೂರ್ತಿ ಬಲಕ್ಕೆ. ನಡುವೆ ದಪ್ಪು, ತಾಳ. ಆಮೇಲೆ ಹೂವಪ್ಪನ ದನಿಗೆ ಡಿಲೇ ಹಾಕಿದ. ದಪ್ಪಿನ ಎರಡು ಪೆಟ್ಟುಗಳ ನಡುವಿನ ಹೊತ್ತನ್ನು ಲೆಕ್ಕ ಹಾಕಿ ಅಷ್ಟಕ್ಕೇ ಗುಂಡಿ ತಿರುಗಿಸಿದ. ಈಗ ಹೂವಪ್ಪ ಬಲಗಡೆಯಿಂದ 'ಬರಲಿಲ್ಲೋ' ಎಂದು ಮುರಿದ ಕೂಡಲೇ ಆ ಪದ ಎಡಕ್ಕೆ ಹೋಗಿ ಸಣ್ಣಗೆ ಮರಳುತ್ತಿತ್ತು, ಮತ್ತೆ ಬಲಕ್ಕೆ ಇನ್ನೂ ಸಣ್ಣಗೆ, ಮತ್ತೆ ಎಡಕ್ಕೆ. ಎಂಟು ಪೆಟ್ಟು ತುಂಬುತ್ತಿತ್ತು. ಎರಡು ಪೆಟ್ಟಿನ ಉಸಿರು ಉಳಿದವನಿಗೆ ಎಂಟು ಪೆಟ್ಟಿನ ಎಳೆತ ಮರಳಿ ಸಿಕ್ಕಂತಾಗಿತ್ತು. ಮುಲಾಜಿಲ್ಲದೆ ಹೇಳುವುದಾದರೆ ಕೆಲಸ ಅದ್ಭುತವಾಗಿತ್ತು.

ನಬೀಸಾಬನನ್ನು ಕರೆಸಿ ಹೆಡ್‌ಫೋನಿನಲ್ಲಿ ಕೇಳಿಸಿದ. ಅವನು ಮೊದಲ ಸಾಲಿಗೇ ಬೆಚ್ಚಿ ಬಲಕ್ಕೆ ತಿರುಗಿ ನೋಡಿದ, ಅಲ್ಲಿ ಗೋಡೆ ಇತ್ತು. ಕೊನೆಯ ತನಕ ಕೇಳಿ ಹೆಡ್‌ಫೋನನ್ನು ಮೆಲ್ಲಗೆ ಕೆಳಗಿಟ್ಟು, ಅಲ್ತಾಫನ ತಲೆಯ ಮೇಲೆ ಕೈಯಿಟ್ಟು ಹೊರಟುಹೋದ. ಹೂವಪ್ಪ ಆಪರೇಶನ್ನಿಗೆ ಮುಂಚಿನ ತಪಾಸಣೆಗೆಂದು ಆಗಲೇ ಹುಬ್ಬಳ್ಳಿಯ ದವಾಖಾನೆಯಲ್ಲಿ ಮಲಗಿದ್ದ. ಅವನಿಗೆ ಕೇಳಿಸುವುದು ಮೊಹರಮ್ಮಿಗೇ ಆಗಲಿ, ಕುಣಿಯ ಮುಂದೆಯೇ ಆಗಲಿ ಎಂದು ಇಬ್ಬರೂ ಮಾತಾಡಿಕೊಂಡರು.

ಮೊಹರಮ್ಮು ಜನವರಿ ಕೊನೆಗೆ ಬಂತು. ಕೊನೆಯ ದಿನ ಅಲ್ತಾಫ ರೋಣದಲ್ಲಿ ಬಸ್ಸು ಬದಲಿಸಿ, ಹೊಸ ಅಂಗಿ ಹಾಕಿಕೊಂಡು ಸವಡಿಗೆ ಇಳಿದಾಗ ಮಧ್ಯಾಹ್ನ ಎರಡರ ಬಿಸಿಲು. ತನ್ನ ಕೆಲಸವನ್ನು ಊರು ಕೇಳುವುದನ್ನು ತಾನು ನೋಡಬೇಕೆಂಬ ಆಸೆ ಅವನಿಗೆ. ಸಂಜೆ ಅಲಾಯಿ ದೇವರ ಪಂಜಾಗಳು ಹೊಳೆಗೆ ಹೋಗುವ ಮುಂಚೆ ಮೇಳ ಹಾಡುವುದು ವಾಡಿಕೆ. ಕುಣಿಯ ಸುತ್ತ ಊರೆಲ್ಲ ನೆರೆದಿತ್ತು. ಬೇವಿನ ಮರಕ್ಕೆ ಎರಡು ಹಾರ್ನು ಬಿಗಿದು, ಮರದ ಬುಡದಲ್ಲಿ ಬಾಕಿನ ಮೇಲೆ ಆಂಪ್ಲಿಫೈಯರು, ಸೀಡಿ ಪ್ಲೇಯರು ಇಟ್ಟುಕೊಂಡು ಮೈಕ್ ಸೆಟ್ಟಿನ ಉಮೇಶ ಕೂತಿದ್ದ. ಸುತ್ತಲಿನ ಹತ್ತು ಹಳ್ಳಿಯ ಮದುವೆ, ಮುಂಜಿ, ಇಲೆಕ್ಷನ್ನು ಎಲ್ಲವನ್ನೂ ಕೂಗಿಸಿದ ಸೆಟ್ಟು ಅದು.

ಕುಣಿಯ ಎದುರಿನ ಕಟ್ಟೆಯ ಮೇಲೆ ಹೂವಪ್ಪನನ್ನು ಕೂರಿಸಿದ್ದರು. ಕುತ್ತಿಗೆಗೆ ಬಿಳಿ ವಸ್ತ್ರ ಸುತ್ತಿತ್ತು, ಅದರ ನಡುವೆ ಉಸಿರಾಡುವ ತೂತು. ಕೈಯಲ್ಲಿ ಮಕ್ಕಳ ಪಾಟಿ, ಒಂದು ಬಳಪ. ನಾಲ್ಕನೇ ಇಯತ್ತೆಯ ತನಕ ಸಾಲಿ ಕಲಿತದ್ದು ಈಗ ಉಪಯೋಗಕ್ಕೆ ಬಂದಿತ್ತು. ಪಕ್ಕದಲ್ಲಿ ಹೆಂಡತಿ ಉಡಚವ್ವ ನಿಂತಿದ್ದಳು. ಅವನು ಅಲ್ತಾಫನನ್ನು ಗುರುತು ಹಿಡಿದು ಕಿವಿಯನ್ನು ಮುಟ್ಟಿಕೊಂಡು ನಕ್ಕ. ಕೇಳಲಿಕ್ಕೆ ತಯಾರಾಗಿ ಬಂದಿದ್ದೇನೆ ಎನ್ನುವ ಹಾಗೆ. ಆ ನಗು ಅಲ್ತಾಫನಿಗೆ ಇಂದಿಗೂ ನೆನಪಿದೆ.

ನಬೀಸಾಬ ಮುಂದೆ ಬಂದು, ಈ ಸಲ ನಾನು ಬಾಯಿಯಿಂದ ಹಾಡುವುದಿಲ್ಲ, ನಾವಿಬ್ಬರೂ ಇದರೊಳಗೆ ಹಾಡಿದ್ದೇವೆ, ಕೇಳಿರಿ ಎಂದು ಊರಿಗೆ ಹೇಳಿದ. ಉಮೇಶ ಗುಂಡಿ ಒತ್ತಿದ. ದಪ್ಪು ಬಡಿಯಿತು. ಹಾರ್ನಿನಿಂದ ನಬೀಸಾಬನ ದನಿ ಖಣಖಣ ಎದ್ದಿತು. ನೀರ ತರತೇನಂತ ಹೋದಾಂವ.

ಆಮೇಲೆ ಏನೂ ಇಲ್ಲ. ದಪ್ಪಿನ ಒಂದು ಪೆಟ್ಟು, ಬರಿ ಪೆಟ್ಟು. ಅದಾದ ಮೇಲೆ ಎಲ್ಲಿಂದಲೋ, ಹಾಳು ಬಾವಿಯ ತಳದಿಂದ ಯಾರೋ ಕರೆದ ಹಾಗೆ, ಸಣ್ಣಗೆ 'ಬರಲಿಲ್ಲೋ'. ಮತ್ತೆ ಖಾಲಿ. ಮತ್ತೆ ಇನ್ನೂ ಸಣ್ಣಗೆ, 'ಬರಲಿಲ್ಲೋ'.

ನೆರೆದವರು ಒಬ್ಬರ ಮುಖ ಒಬ್ಬರು ನೋಡಿದರು. ಎರಡನೆಯ ಸಾಲಿಗೂ ಹಾಗೆಯೇ ಆಯಿತು. ನಬೀಸಾಬನದು ಗಟ್ಟಿ ದನಿ, ಹೂವಪ್ಪನದು ದನಿಯೇ ಅಲ್ಲ, ದನಿ ಹೋದ ಮೇಲೆ ಉಳಿದ ಏನೋ ಒಂದು. ಒಬ್ಬ ಮುದುಕಿ ಕೂಸನ್ನು ಎದೆಗೆ ಒತ್ತಿಕೊಂಡು ಎದ್ದಳು. ಯಾರೋ ಸತ್ತವರ ಕೂಗು ಅಂದರು. ದೇವರ ಪೂಜೆ ನೋಡಿಕೊಳ್ಳುವ ಮುಜಾವರ ಟಿಪ್ಪುಸಾಬ ಉಮೇಶನ ಹತ್ತಿರ ದಡದಡ ಬಂದು, ಬದುಕಿ ಕೂತವನ ದನಿಯನ್ನು ದೇವರ ಮುಂದೆ ಹೆಣದ ದನಿ ಮಾಡಿದ್ದೀರಲ್ಲ, ಬಂದ್ ಮಾಡು ಎಂದು ಗದರಿದ. ಉಮೇಶ ಬಂದ್ ಮಾಡಿದ.

ಅಲ್ತಾಫ ಆಗಲೇ ಬಾಕಿನ ಹತ್ತಿರ ಬಂದು ನಿಂತಿದ್ದ. ಅವನ ಕಣ್ಣು ಹೋದದ್ದು ಸೀಡಿ ಪ್ಲೇಯರಿನ ಹಿಂಬದಿಗೆ. ಅಲ್ಲಿಂದ ಎರಡು ವೈರು ಹೊರಟಿದ್ದವು, ಒಂದು ಬಿಳಿ, ಒಂದು ಕೆಂಪು. ಬಿಳಿಯದು ಎಡಗಡೆಯ ದನಿ ಒಯ್ಯುವುದು, ಕೆಂಪು ಬಲಗಡೆಯದು. ಆಂಪ್ಲಿಫೈಯರಿಗೆ ಇದ್ದದ್ದು ಒಂದೇ ತೂತು. ಬಿಳಿ ಪಿನ್ನು ಅದರೊಳಗೆ ಕೂತಿತ್ತು. ಕೆಂಪು ಪಿನ್ನು ಬಾಕಿನ ಅಂಚಿನಿಂದ ಸುಮ್ಮನೆ ಜೋತಾಡುತ್ತಿತ್ತು. ಹೂವಪ್ಪ ಪೂರ್ತಿಯಾಗಿ ಆ ಕೆಂಪು ಪಿನ್ನಿನಲ್ಲಿದ್ದ. ಎಡಕ್ಕೆ ಹಾರಿ ಬಂದ ಅವನ ಮರುದನಿಯಷ್ಟೇ ಊರಿಗೆ ಕೇಳಿಸಿತ್ತು.

ಹಳ್ಳಿಯ ಮೈಕ್ ಸೆಟ್ಟುಗಳೆಲ್ಲ ಹೀಗೇ ಇರುವುದು. ಸಿನಿಮಾ ಹಾಡು, ಭಜನೆ, ಯಾವುದೇ ಸೀಡಿ ತಂದರೂ ಹಾಡುವವರ ದನಿ ಎರಡೂ ವೈರಿನಲ್ಲಿ ಸಮನಾಗಿ ಇರುತ್ತದೆ, ಹಾಗಾಗಿ ಒಂದೇ ವೈರು ಸಾಕಾಗುತ್ತದೆ. ಒಂದು ದನಿಯನ್ನು ಅತ್ತ, ಇನ್ನೊಂದನ್ನು ಇತ್ತ ಎಂದು ಮನೆ ಪಾಲು ಮಾಡಿದ ಹಾಗೆ ಹಂಚಿದ ಶಾಣ್ಯಾ ಈ ಭಾಗದಲ್ಲಿ ಅಲ್ತಾಫನೇ ಮೊದಲು. ಎರಡೂ ಪಿನ್ನು ಕತ್ತರಿಸಿ ವೈರುಗಳನ್ನು ಒಟ್ಟಿಗೆ ಹೊಸೆದು ಅದೇ ತೂತಿಗೆ ಕೊಟ್ಟಿದ್ದರೆ ಅಲ್ಲಿಯೇ, ಆಗಲೇ, ಎಲ್ಲ ಸರಿಹೋಗುತ್ತಿತ್ತು. ಎರಡು ನಿಮಿಷದ ಕೆಲಸ. ಅಲ್ತಾಫನಿಗೆ ಇದು ಗೊತ್ತಿತ್ತು. ಕೈ ಅರ್ಧ ಮುಂದೆಯೂ ಹೋಗಿತ್ತು.

ಅಷ್ಟರಲ್ಲಿ ಉಮೇಶ ತಲೆಯೆತ್ತಿ, ಇದನ್ನು ಮಾಡಿದವರು ಯಾರು ಮಾರಾಯ, ದನಿ ಕೂರಿಸಲಿಕ್ಕೂ ಬಾರದವರು ಸ್ಟುಡಿಯೋ ಇಟ್ಟುಕೊಂಡು ಕೂತಿದ್ದಾರಲ್ಲ ಎಂದ. ಸುತ್ತ ಇದ್ದ ಹುಡುಗರು ನಕ್ಕರು. ಪಕ್ಕದ ಊರಿನ ಎರಡು ಮೇಳದವರು ಅಲ್ಲೇ ನಿಂತಿದ್ದರು, ಮುಂದಿನ ಅಮಾವಾಸ್ಯೆಗೆ ಅಲ್ತಾಫನ ಹತ್ತಿರ ಬರಲಿದ್ದವರು. ಟಿಪ್ಪುಸಾಬ ಇನ್ನೂ ಬೈಯುತ್ತಿದ್ದ. ಅಲ್ತಾಫ ಮುಂದೆ ಹೋಗಿದ್ದ ಕೈಯನ್ನು ಹಿಂದೆ ತೆಗೆದುಕೊಂಡ. ನಬೀಸಾಬ ಬಂದು ಏನಾಯಿತು ಎಂದು ಕೇಳಿದಾಗ ಅವನು, ಸೀಡಿ ಕೆಟ್ಟಿರಬೇಕು ಕಾಕಾ ಎಂದುಬಿಟ್ಟ.

ನಬೀಸಾಬ ಕಟ್ಟೆಯ ಹತ್ತಿರ ಹೋಗಿ ಹೂವಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತ. ಸೀಡಿ ಕೆಟ್ಟಿದೆಯಂತೆ, ನಿನ್ನ ದನಿ ಅದರೊಳಗೆ ಇದೆ, ನಾನೇ ಕೇಳಿದ್ದೇನೆ ಎಂದು ಅವನ ತೊಡೆಯ ಮೇಲೆ ಕೈಯಿಟ್ಟು ಹೇಳಿದ. ಹೂವಪ್ಪ ಪಾಟಿಯ ಮೇಲೆ ಬಳಪದಿಂದ ಬರೆದು ಅವನ ಮುಂದೆ ಹಿಡಿದ. ನಬೀಸಾಬನಿಗೆ ಓದಲಿಕ್ಕೆ ಬರುವುದಿಲ್ಲ. ಅವನು ಪಾಟಿಯನ್ನು ತಿರುಗಿಸಿ, ಹಿಂದೆ ಬಂದು ನಿಂತಿದ್ದ ಅಲ್ತಾಫನ ಕೈಗೆ ಕೊಟ್ಟು ಓದು ಎಂದ.

ಅಲ್ತಾಫ ಓದಿದ. "ಸೀಡಿ ಕೆಟ್ಟರ ನಿನ್ನ ದನಿ ಯಾಕ ಕೆಡಲಿಲ್ಲ?"

ಎಂಥ ಸರಿಯಾದ ಪ್ರಶ್ನೆ. ಕೂಲಿ ಮಾಡುವ, ನಾಲ್ಕನೇ ಇಯತ್ತೆ ಓದಿದ ಮನುಷ್ಯ ಕೇಳಿದ ಪ್ರಶ್ನೆಗೆ ಸ್ಟುಡಿಯೋದ ಮಾಲೀಕನ ಬಳಿ ಉತ್ತರ ಇತ್ತು, ಬಾಯಿ ಇರಲಿಲ್ಲ. ನಬೀಸಾಬ ಅವನತ್ತ ತಿರುಗಿ, ಹೇಳಪ್ಪ, ನೀನೇ ಮಾಡಿದವನು, ಅವನಿಗೆ ತಿಳಿಸಿ ಹೇಳು ಎಂದ. ಆ ಮುದಿ ಕಣ್ಣುಗಳಲ್ಲಿ ಅಲ್ತಾಫನ ಮೇಲೆ ಎಂಥ ನಂಬಿಕೆ ಇತ್ತೆಂದರೆ, ಅದನ್ನು ನೋಡಲಾರದೆ ಅವನು ಪಾಟಿಯನ್ನೇ ನೋಡಿದ.

"ಒಮ್ಮೊಮ್ಮಿ ಹಿಂಗ ಆಕ್ಕೈತ್ರಿ ಕಾಕಾ," ಎಂದ.

ಹೂವಪ್ಪ ಪಾಟಿಯನ್ನು ಇಸಿದುಕೊಂಡು ಅಂಗೈಯಿಂದ ಒರೆಸಿದ. ಎದ್ದು ನಿಂತ. ಉಡಚವ್ವ ತೋಳು ಹಿಡಿಯಲು ಹೋದರೆ ಕೊಡವಿಕೊಂಡ. ಕುಣಿಯನ್ನು ಬಳಸಿ, ಮಂದಿ ಬಿಟ್ಟ ದಾರಿಯಲ್ಲಿ, ಹಿಂದೆ ನೋಡದೆ ನಡೆದುಹೋದ. ಅವನ ಮನೆ ಕುಣಿಯಿಂದ ಕಾಣುತ್ತಿತ್ತು, ಸುಣ್ಣ ಬಳಿದ ಗೋಡೆ, ಬಾಗಿಲಿಗೆ ಹಸಿರು ಬಣ್ಣ. ಬಾಗಿಲು ಮುಚ್ಚಿದ್ದೂ ಕಂಡಿತು. ಸಂಜೆ ದೇವರು ಎದ್ದಾಗ ಮೂವತ್ತು ವರ್ಷದಲ್ಲಿ ಮೊದಲ ಸಲ ಹೂವಪ್ಪ ದೇವರ ಹಿಂದೆ ಇರಲಿಲ್ಲ. ಅಲ್ತಾಫ ಐದು ಗಂಟೆಯ ಬಸ್ಸಿಗೆ ಊರು ಬಿಟ್ಟ.

ಬಸ್ಸಿನಲ್ಲಿ ಅವನು ಒಂದು ನಿಶ್ಚಯಕ್ಕೆ ಬಂದ. ನಾಳೆಯೇ ಇಬ್ಬರ ದನಿಯನ್ನೂ ನಡುವಿಗೆ ತಂದು ಹೊಸ ಸೀಡಿ ಮಾಡುವುದು, ಒಯ್ದು ಹೂವಪ್ಪನಿಗೆ ಕೇಳಿಸುವುದು, ತಪ್ಪು ಒಪ್ಪಿಕೊಳ್ಳುವುದು. ಹೊಸ ಸೀಡಿಯನ್ನು ಮಾರನೆಯ ದಿನವೇ ಮಾಡಿದ. ಅದು ಸುಲಭದ ಭಾಗ. ಒಯ್ಯುವುದು ಮಾತ್ರ ಮುಂದೆ ಮುಂದೆ ಹೋಯಿತು. ಒಂದು ವಾರ ಕರೆಂಟಿನ ನೆವ, ಇನ್ನೊಂದು ವಾರ ಲಗ್ನದ ಹಾಡಿನವರ ನೆವ. ಹೂವಪ್ಪನ ಸಿಟ್ಟು ಇಳಿಯಲಿ ಎಂದು ಒಮ್ಮೆ, ಈಗ ಇಳಿದಿರಬಹುದು, ಮತ್ತೆ ಯಾಕೆ ಕೆದಕುವುದು ಎಂದು ಇನ್ನೊಮ್ಮೆ. ಸೀಡಿ ಮೇಜಿನ ಮೇಲೆ ಇತ್ತು, ಕೀಬೋರ್ಡಿಗೆ ತಾಗಿಕೊಂಡು. ದಿನಾ ಅದನ್ನು ಸರಿಸಿ ಕೆಲಸ ಮಾಡುತ್ತಿದ್ದ.

ಶಿವರಾತ್ರಿ ಮುಗಿದ ಮರುವಾರ ತನ್ನನ್ನು ತಾನೇ ಬೈದುಕೊಂಡು, ಸೀಡಿ, ಕೈಯಲ್ಲಿ ಹಿಡಿಯುವ ಸಣ್ಣ ಪ್ಲೇಯರು, ಹೆಡ್‌ಫೋನು ಚೀಲಕ್ಕೆ ಹಾಕಿಕೊಂಡು ಹೊರಟ. ಸವಡಿಯಲ್ಲಿ ಬಸ್ಸು ಇಳಿದರೆ ಕುಣಿಯ ಕಟ್ಟೆಯ ಮೇಲೆ ನಬೀಸಾಬ ಒಬ್ಬನೇ ಕೂತಿದ್ದ. ಅರಳೆ ಹಿಂಜುವ ಬಿಲ್ಲು ಪಕ್ಕದಲ್ಲಿ ಬಿದ್ದಿತ್ತು. ಹೂವಪ್ಪ ಮಣ್ಣಾಗಿ ಐದು ದಿನವಾಗಿತ್ತು.

ನಬೀಸಾಬ ಸಾವಕಾಶವಾಗಿ ಹೇಳಿದ. ಆ ದಿನದಿಂದ ಹೂವಪ್ಪ ಇವನ ಮುಖ ನೋಡಲಿಲ್ಲ. ಇವನು ಮೂರು ಸಲ ಹೋದ, ಮೂರೂ ಸಲ ಅವನು ಗೋಡೆಯ ಕಡೆ ಮಗ್ಗುಲಾದ. ನಳಿಗೆಯಿಂದ ಹಾಕುವ ಗಂಜಿಯನ್ನೂ ಕೊನೆಕೊನೆಗೆ ಬೇಡವೆಂದ. ಸಾಯುವ ಹಿಂದಿನ ದಿನ ಪಾಟಿಯ ಮೇಲೆ ಒಂದು ಸಾಲು ಬರೆದು, ಮಣ್ಣು ಕೊಡುವಾಗ ಓದಿಸೆಂದು ಸನ್ನೆ ಮಾಡಿ ಉಡಚವ್ವನ ಕೈಗೆ ಕೊಟ್ಟ. ಅವಳಿಗೂ ಓದು ಬಾರದು. ಮಣ್ಣಿಗೆ ಒಯ್ದ ದಿನ, ಎಲ್ಲರೂ ಒಂದೊಂದು ಹಿಡಿ ಮಣ್ಣು ಕೊಡುವಾಗ, ನಬೀಸಾಬನೂ ಹಿಡಿ ಮಣ್ಣು ತೆಗೆದುಕೊಂಡು ಮುಂದೆ ಹೋದ. ಆಗ ಅವಳು ಆ ಪಾಟಿಯನ್ನು ಉಮೇಶನಿಗೆ ಕೊಟ್ಟು ಓದಿಸಿದಳು. 'ನಬ್ಯಾ ನನಗ ಮಣ್ಣ ಕೊಡಬಾರದು' ಎಂದು ಬರೆದಿತ್ತು. ಊರೆಲ್ಲ ಕೇಳಿಸಿಕೊಂಡಿತು. ನಬೀಸಾಬ ಕೈಯಲ್ಲಿದ್ದ ಮಣ್ಣನ್ನು ಅಲ್ಲಿಯೇ, ತನ್ನ ಕಾಲ ಬಳಿ ಬಿಟ್ಟು ಮನೆಗೆ ಬಂದ.

ಆಗ ಅಲ್ತಾಫ ಹೇಳಿದ, ಎಲ್ಲವನ್ನೂ ಹೇಳಿದ. ಎಡ, ಬಲ, ಎರಡು ವೈರು, ಒಂದು ತೂತು, ಜೋತಾಡುತ್ತಿದ್ದ ಕೆಂಪು ಪಿನ್ನು. ಸೀಡಿ ಕೆಟ್ಟಿರಲಿಲ್ಲ ಎಂದ. ನಬೀಸಾಬ ಅಡ್ಡ ಮಾತಾಡದೆ ಕೇಳಿದ. ತಂತಿಯ ಮಾತು ಅವನಿಗೆ ಎಷ್ಟು ತಿಳಿಯಿತೋ, ಒಂದು ಸಂಗತಿ ಮಾತ್ರ ಸರಿಯಾಗಿ ತಿಳಿಯಿತು.

"ಅವತ್ತ, ಅಲ್ಲೇ ನಿಂತಾಗ, ನಿನಗ ಇದು ಗೊತ್ತಿತ್ತು?"

"ಗೊತ್ತಿತ್ರಿ ಕಾಕಾ."

ನಬೀಸಾಬ ಕುಣಿಯ ಆಚೆ ಕೈ ತೋರಿಸಿದ. ಸುಣ್ಣದ ಗೋಡೆ, ಹಸಿರು ಬಾಗಿಲು.

"ಇಲ್ಲಿಂದ ಅವನ ಮನಿ ಎಷ್ಟ ದೂರ ಐತಿ, ನೀನ ಹೇಳು."

ಬೈದಿದ್ದರೆ, ಬಿಲ್ಲು ಎತ್ತಿ ಎರಡು ಬಾರಿಸಿದ್ದರೆ ಅಲ್ತಾಫನಿಗೆ ಸಮಾಧಾನವಾಗುತ್ತಿತ್ತು. ನಬೀಸಾಬ ಎದ್ದು, ಬಾ, ಅವಳಿಗಾದರೂ ಹೇಳು ಎಂದು ಮುಂದೆ ನಡೆದ. ಅಲ್ತಾಫ ಹಿಂದೆ ಹೋದ. ಬಯಸದಿದ್ದರೂ ಹೆಜ್ಜೆ ಎಣಿಸಿದ. ಎಂಬತ್ತಾರು.

ಉಡಚವ್ವ ಹೊಸ್ತಿಲಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದಳು. ನಬೀಸಾಬನನ್ನು ಕಂಡು ಮೊರ ಕೆಳಗಿಟ್ಟಳು, ಬಾ ಎನ್ನಲಿಲ್ಲ. ಅವನು ಅಂಗಳದಲ್ಲಿಯೇ ನಿಂತ. ಅಲ್ತಾಫ ಅವಳ ಮುಂದೆ ಕೂತು ಎರಡನೇ ಸಲ ಎಲ್ಲ ಹೇಳಿದ. ಅವಳಿಗೆ ಅರ್ಥವಾಗುತ್ತಿದೆಯೋ ಇಲ್ಲವೋ ಎಂದು ಹೆಡ್‌ಫೋನನ್ನು ಅವಳ ಕಿವಿಗೆ ಹಾಕಿ ಹೊಸ ಸೀಡಿ ತಿರುಗಿಸಿದ. ಅವಳು ಮೊದಲು ಹೆದರಿ ಕಿವಿಯನ್ನು ಎರಡೂ ಕೈಯಿಂದ ಮುಚ್ಚಿಕೊಂಡಳು. ಸ್ವಲ್ಪ ಹೊತ್ತಿಗೆ ಅವಳ ತುಟಿ ಮಾತ್ರ ಅಲ್ಲಾಡತೊಡಗಿತು. ಯಾವ ಪದ ಎಂದು ಹೊರಗಿನವರಿಗೂ ತಿಳಿಯಿತು. ಅಂಗಳದಲ್ಲಿ ನಿಂತ ನಬೀಸಾಬ ಬೇರೆ ಕಡೆ ಮುಖ ತಿರುಗಿಸಿದ.

ಹಾಡು ಮುಗಿಯಿತು. ಅವಳು ಹೆಡ್‌ಫೋನು ತೆಗೆದು ಮೊರದ ಕಡಲೆಯ ಮೇಲೆ ಇಟ್ಟಳು. ಎದ್ದು ಅಂಗಳಕ್ಕೆ ಬಂದು, ನೆಲಕ್ಕೆ ಬಾಗಿ, ಬಾಗಿಲ ಮುಂದಿನ ಒಣ ಮಣ್ಣನ್ನು ಬೊಗಸೆಯಲ್ಲಿ ತೆಗೆದುಕೊಂಡು ನಬೀಸಾಬನ ಮುಂದೆ ಹಿಡಿದಳು.

"ಯಣ್ಣಾ, ಅವಗ ತಿಳಿದಿಲ್ಲ. ಇದನ್ನ ಒಯ್ದು ಅವನ ಮ್ಯಾಲ ಹಾಕಿ ಬಾ. ನಾನ ಹೇಳಾಕತ್ತೇನಿ."

ನಬೀಸಾಬ ಆ ಬೊಗಸೆಯನ್ನು ನೋಡಿದ. ಕೈ ಮುಂದೆ ಬಂತು. ಬಂದು, ಅವಳ ಬೊಗಸೆಯ ಕೆಳಗೆ ನಿಂತಿತು, ಮಣ್ಣು ಇಸಿದುಕೊಳ್ಳಲಿಲ್ಲ.

"ಬ್ಯಾಡ ತಂಗಿ," ಎಂದ. "ಬ್ಯಾಡ ಅಂದಾಂವ ಅಂವಾ. ಬೇಕು ಅನ್ನಬೇಕಾದಾಂವನೂ ಅಂವನ. ಈಗ ಅವಗ ಯಾರ ಹೋಗಿ ಹೇಳವ್ರು?"

ಉಡಚವ್ವ ಅಲ್ತಾಫನ ಕಡೆ ನೋಡಿದಳು. ನಬೀಸಾಬನೂ ನೋಡಿದ. ಇಬ್ಬರ ನೋಟದಲ್ಲೂ ಸಿಟ್ಟಿರಲಿಲ್ಲ. ಅವನಿಂದ ಏನಾದರೂ ಆದೀತೇ ಎಂದು ಕೇಳುವ ಹಾಗೆ ನೋಡಿದರು, ಸ್ಟುಡಿಯೋದವ, ಯಂತ್ರ ಬಲ್ಲವ, ಏನಾದರೂ ದಾರಿ ಇದ್ದೀತು ಎಂಬಂತೆ. ಉಡಚವ್ವನ ಬೊಗಸೆಯ ಸಂದಿನಿಂದ ಮಣ್ಣು ಸಣ್ಣಗೆ ಸುರಿಯುತ್ತಿತ್ತು. ಎಲ್ಲ ಸುರಿದುಹೋಗುವ ತನಕ ಅವಳು ಕೈ ಹಾಗೆಯೇ ಹಿಡಿದುಕೊಂಡು ನಿಂತಿದ್ದಳು.

ಆಮೇಲೆ ಕೈ ಒರೆಸಿಕೊಂಡು ಹೊಸ್ತಿಲಿಗೆ ಹೋಗಿ ಮೊರ ಎತ್ತಿಕೊಂಡಳು. ಹೆಡ್‌ಫೋನನ್ನು ಅಲ್ತಾಫನಿಗೆ ಕೊಟ್ಟಳು. ಸೀಡಿಯನ್ನು ಇಲ್ಲೇ ಬಿಡುತ್ತೇನೆ ಎಂದರೆ, ಮನೆಯಲ್ಲಿ ಅದನ್ನು ಕೇಳಲಿಕ್ಕೆ ಏನೂ ಇಲ್ಲಪ್ಪ, ನೀನೇ ಇಟ್ಟುಕೋ ಎಂದಳು.

ಮುಂದಿನ ಮೊಹರಮ್ಮಿಗೆ ಅಲ್ತಾಫ ಸವಡಿಗೆ ಹೋಗಿ ಮಂದಿಯ ಹಿಂದೆ ನಿಂತ. ನಬೀಸಾಬ ಕುಣಿಯ ಈಚೆ ಒಬ್ಬನೇ ಇದ್ದ. ಆಚೆ ಯಾರನ್ನೂ ನಿಲ್ಲಿಸಿರಲಿಲ್ಲ. ಅವನು ಸಾಲು ಎತ್ತಿಕೊಂಡು, ನೀರ ತರತೇನಂತ ಹೋದಾಂವ ಎಂಬಲ್ಲಿಗೆ ತಂದು ಬಿಟ್ಟು, ಬಾಯಿ ಮುಚ್ಚಿದ. ದಪ್ಪಿನ ಎಂಟು ಪೆಟ್ಟು ಬಿದ್ದವು. ಯಾರೂ ಆ ಪದ ಹೇಳಲಿಲ್ಲ. ನಬೀಸಾಬ ಮುಂದಿನ ಸಾಲಿಗೆ ಹೋದ.